ತೋಟಕ್ಕೆ ಬರುವ ಜಿಂಕೆಗೆ 48 ಮೆಗಾಪಿಕ್ಸೆಲ್ ಬೇಕೇ?

ಬನ್ನೇರುಘಟ್ಟ ಕಾಡಿನಂಚಿನ ನಿಮ್ಮ ತೋಟಕ್ಕೆ ರಾತ್ರಿ ಬರುವ ಜಿಂಕೆಗಳನ್ನು ನೋಡಲು ಅಗ್ಗದ ಟ್ರೇಲ್ ಕ್ಯಾಮೆರಾ (ಪ್ರಾಣಿ ಎದುರು ಬಂದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ) ಸಾಕೇ, 48 ಮೆಗಾಪಿಕ್ಸೆಲ್ ಇರಲೇಬೇಕೇ ಎಂದು ಕೇಳಿದ್ದೀರಿ. ಅಗ್ಗದ್ದು ಸಾಕು, ಮೆಗಾಪಿಕ್ಸೆಲ್ ಮರೆತುಬಿಡಿ. ಆ ಬೆಲೆಯಲ್ಲಿ ಅಷ್ಟು ದೊಡ್ಡ ಸಂಖ್ಯೆ ಬಹುಪಾಲು ತೋರಿಕೆಯದು. ಸಣ್ಣ ಸೆನ್ಸರ್ ತೆಗೆದ ಚಿತ್ರವನ್ನು ಸಾಫ್ಟ್‌ವೇರ್ ಹಿಗ್ಗಿಸಿರುತ್ತದೆ. ಕಾರ್ಡ್ ಬೇಗ ತುಂಬುತ್ತದೆಯೇ ಹೊರತು ಕೊಂಬಿನ ಕವಲು ಸ್ಪಷ್ಟವಾಗುವುದಿಲ್ಲ.

ನೋಡಬೇಕಾದದ್ದು ಟ್ರಿಗರ್ ವೇಗ. ಪ್ರಾಣಿಯ ಮೈಶಾಖದ ಚಲನೆಯನ್ನು ಗುರುತಿಸಿ ಅರ್ಧ ಸೆಕೆಂಡಿನೊಳಗೆ ಚಿತ್ರ ತೆಗೆಯದಿದ್ದರೆ ನಿಮಗೆ ಸಿಗುವುದು ಬಾಲ ಮಾತ್ರ. ಮುಂದಿನ ಚಿತ್ರಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನೂ ವಿಚಾರಿಸಿ. ಚುಕ್ಕೆ ಜಿಂಕೆ ಒಂಟಿಯಾಗಿ ಬರುವುದು ಕಡಿಮೆ, ತಡವಾದರೆ ಹಿಂದೆ ಬರುವವು ತಪ್ಪಿಹೋಗುತ್ತವೆ.

ರಾತ್ರಿ ಚಿತ್ರಕ್ಕೆ ಬೆಳಕು ಕೊಡುವ ಇನ್‌ಫ್ರಾರೆಡ್ ದೀಪಗಳಲ್ಲಿ 850 ನ್ಯಾನೊಮೀಟರ್‌ನದು ಹೆಚ್ಚು ದೂರ ಬೆಳಗುತ್ತದೆ, ಆದರೆ ಮಂದವಾದ ಕೆಂಪು ಕಾಣಿಸುತ್ತದೆ. 940ರದು ಕಣ್ಣಿಗೆ ಬೀಳುವುದಿಲ್ಲ, ವ್ಯಾಪ್ತಿ ಸ್ವಲ್ಪ ಕಡಿಮೆ. ನಾನಾದರೆ 940 ಆರಿಸುತ್ತೇನೆ, ಜಿಂಕೆ ಬೆದರೀತೆಂದಲ್ಲ, ಕ್ಯಾಮೆರಾ ಕಳುವಾದೀತೆಂದು.

ಚಿತ್ರವನ್ನು ಮೊಬೈಲಿಗೆ ಕಳಿಸುವ, ಸಿಮ್ ಹಾಕುವ ಮಾದರಿಗೆ ಹಣ ಸುರಿಯುವ ಮೊದಲು, ಕಟ್ಟುವ ಜಾಗದಲ್ಲೇ ನಿಂತು ಮೊಬೈಲ್ ಸಿಗ್ನಲ್ ನೋಡಿ. ಉಳಿದ ಹಣಕ್ಕೆ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಒಳ್ಳೆಯ ಮೆಮೊರಿ ಕಾರ್ಡ್ ಮತ್ತು ರೀಚಾರ್ಜ್ ಮಾಡಬಲ್ಲ ಬ್ಯಾಟರಿ ಕೊಳ್ಳಿ.

ಸೊಂಟದೆತ್ತರದಲ್ಲಿ, ಉತ್ತರಕ್ಕೆ ಮುಖ ಮಾಡಿ ಕಟ್ಟಿ. ಬಿಸಿಲು ಲೆನ್ಸಿಗೆ ನೇರವಾಗಿ ಬೀಳುವುದು ತಪ್ಪುತ್ತದೆ. ಎದುರಿನ ಹುಲ್ಲು ಸವರದಿದ್ದರೆ ಗಾಳಿಗೆ ಅದು ಓಲಾಡಿ ಖಾಲಿ ಚಿತ್ರಗಳೇ ತುಂಬುತ್ತವೆ. ಬೇಲಿ ದಾಟಿ ಕಾಡಿನೊಳಗೆ ಮಾತ್ರ ಕಟ್ಟಬೇಡಿ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು.