ಪದೇ ಪದೇ ಉಳುಕುವ ಪಾದದ ಕೀಲಿಗೆ ಕೈಯಿಂದ ಮಾಡುವ ಫಿಸಿಯೋಥೆರಪಿ ಸರಿಯೇ?

ಎರಡು ವರ್ಷಗಳಿಂದ ಬಲಗಾಲು ಪದೇ ಪದೇ ಉಳುಕುತ್ತಿದೆ, ಲಿಗಮೆಂಟ್ (ಮೂಳೆಗಳನ್ನು ಜೋಡಿಸಿ ಹಿಡಿಯುವ ನಾರಿನ ಪಟ್ಟಿ) ಸಡಿಲವಾಗಿದೆ ಎಂದು ವೈದ್ಯರು ಹೇಳಿದ್ದಾರೆ. ಹೀಗಿರುವಾಗ ಫಿಸಿಯೋಥೆರಪಿಸ್ಟ್ ಕೈಯಿಂದ ಒತ್ತಿ ಕೀಲನ್ನು ಇನ್ನಷ್ಟು ಸಡಿಲಿಸುವುದು ಅಪಾಯವಲ್ಲವೇ ಎಂದು ಕೇಳಿದ್ದೀರಿ. ಇದೇ ವೃತ್ತಿಯಲ್ಲಿರುವ ನನಗೆ ನಿಮ್ಮ ಸಂಶಯ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಇಂತಹ ಕೀಲು ಎಲ್ಲ ದಿಕ್ಕಿಗೂ ಸಡಿಲವಾಗಿರುವುದಿಲ್ಲ. ಪಾದ ಒಳಕ್ಕೆ ಹೊರಳದಂತೆ ತಡೆಯಬೇಕಾದ ಹೊರಬದಿಯ ಲಿಗಮೆಂಟ್ ಸೋತಿದ್ದರೂ, ಪಾದವನ್ನು ಮೇಲಕ್ಕೆ ಮಡಚುವ ದಿಕ್ಕಿನಲ್ಲಿ ಅದೇ ಕೀಲು ಬಿಗಿದುಕೊಂಡಿರುವುದು ಅನೇಕರಲ್ಲಿ ಕಂಡುಬರುತ್ತದೆ. ನಮ್ಮ ಕೈ ಕೆಲಸ ಮಾಡುವುದು ಆ ಬಿಗಿತದ ಮೇಲೆ.

ಕುಕ್ಕರುಗಾಲಿನಲ್ಲಿ ಕುಳಿತಾಗ ಅಥವಾ ಮೆಟ್ಟಿಲು ಇಳಿಯುವಾಗ, ಕಾಲಿನ ಎರಡು ಎಲುಬುಗಳ ತುದಿಗಳ ನಡುವೆ ಕುಳಿತಿರುವ ಟೇಲಸ್ ಎಂಬ ಮೂಳೆ ತುಸು ಹಿಂದಕ್ಕೆ ಜಾರಬೇಕು. ಅದರ ಮುಂಭಾಗ ಅಗಲವಾಗಿರುವುದರಿಂದ, ಹಾಗೆ ಜಾರಿದಾಗಲೇ ಕೀಲು ಭದ್ರವಾಗಿ ಕಚ್ಚಿಕೊಳ್ಳುತ್ತದೆ. ಟೇಲಸ್‌ಗೆ ಯಾವ ಸ್ನಾಯುವೂ ಅಂಟಿಕೊಂಡಿಲ್ಲವಾದ್ದರಿಂದ ಅದನ್ನು ನಾವಾಗಿಯೇ ನೇರವಾಗಿ ಹಿಂದಕ್ಕೆ ಸರಿಸಿಕೊಳ್ಳಲು ಬರುವುದಿಲ್ಲ. ಕೈ ಸಹಾಯ ಬೇಕಾಗುವುದು ಇದಕ್ಕೇ.

ನಿಮಗೆ ಇದು ಬೇಕೋ ಬೇಡವೋ ಎಂಬುದನ್ನು ಮನೆಯಲ್ಲೇ ಅಂದಾಜು ಮಾಡಬಹುದು. ಗೋಡೆಗೆ ಎದುರಾಗಿ ನಿಂತು, ಹಿಮ್ಮಡಿ ನೆಲದಿಂದ ಏಳದಂತೆ ಮೊಣಕಾಲನ್ನು ಗೋಡೆಗೆ ಮುಟ್ಟಿಸಿ. ಪಾದವನ್ನು ಸ್ವಲ್ಪಸ್ವಲ್ಪವೇ ಹಿಂದಕ್ಕೆ ಸರಿಸುತ್ತಾ, ಇನ್ನು ಮುಟ್ಟದು ಎನ್ನುವ ಹಂತದಲ್ಲಿ ಹೆಬ್ಬೆರಳಿಗೂ ಗೋಡೆಗೂ ಇರುವ ಅಂತರವನ್ನು ಅಳೆಯಿರಿ. 1 ಸೆಂ.ಮೀ. ಎಂದರೆ ಸುಮಾರು 3.6 ಡಿಗ್ರಿ ಚಲನೆ. ಎರಡು ಕಾಲುಗಳ ನಡುವೆ 2 ಸೆಂ.ಮೀ.ನಷ್ಟು ವ್ಯತ್ಯಾಸವಿದ್ದು, ಕೀಲಿನ ಮುಂಭಾಗದಲ್ಲೇ ಏನೋ ಅಡ್ಡ ಬಂದಂತೆ ಅನ್ನಿಸಿದರೆ ಕೈಚಿಕಿತ್ಸೆಗೆ ಅರ್ಥವಿದೆ. ಮೀನಖಂಡದಲ್ಲಿ ಎಳೆತವಾದರೆ ಅದನ್ನು ಹಿಗ್ಗಿಸುವ ವ್ಯಾಯಾಮ ಮೊದಲು. ವ್ಯತ್ಯಾಸವೇ ಇಲ್ಲದಿದ್ದರೆ ಇದಕ್ಕೆ ಹಣ ಖರ್ಚು ಮಾಡಬೇಡಿ ಎನ್ನುತ್ತೇನೆ.

ಚಿಕಿತ್ಸೆಯಲ್ಲಿ ನಿಮ್ಮನ್ನು ಅಂಗಾತ ಮಲಗಿಸಿ, ಹಿಮ್ಮಡಿ ಮಂಚದ ಅಂಚಿನಾಚೆ ಇರುವಂತೆ ಮಾಡಿ, ಒಂದು ಕೈಯಿಂದ ಕಾಲನ್ನು ಅಲುಗದಂತೆ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳು–ತೋರುಬೆರಳಿನ ಸಂದನ್ನು ಟೇಲಸ್‌ನ ಮುಂದಿಟ್ಟು ಲಯಬದ್ಧವಾಗಿ ಹಿಂದಕ್ಕೆ ಒತ್ತುತ್ತಾರೆ. ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ಬ್ರಯಾನ್ ಮಲ್ಲಿಗನ್ ರೂಪಿಸಿದ ವಿಧಾನದಲ್ಲಾದರೆ ನೀವು ನಿಂತೇ ಮೊಣಕಾಲನ್ನು ಮುಂದಕ್ಕೆ ಬಾಗಿಸುತ್ತೀರಿ; ಚಿಕಿತ್ಸೆ ಮಾಡುವವರು ಟೇಲಸ್ಸನ್ನು ಕೈಯಿಂದ ತಡೆದು, ಕಾಲಿನ ಎಲುಬನ್ನು ಬೆಲ್ಟಿನಿಂದ ಮುಂದಕ್ಕೆ ಎಳೆದಿರುತ್ತಾರೆ. ಇದರಲ್ಲಿ ನೋವಾಗಕೂಡದು. ನಮ್ಮ ಊರುಗಳಲ್ಲಿ ಉಳುಕು ತೆಗೆಯುವವರು ಎಣ್ಣೆ ಹಚ್ಚಿ ಲಟಕ್ಕೆಂದು ಎಳೆಯುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ಸಡಿಲವಾದ ಕೀಲಿಗೆ ಅದನ್ನು ನಾನು ಖಂಡಿತ ಸೂಚಿಸುವುದಿಲ್ಲ.

ಇಷ್ಟರಿಂದ ಸಿಗುವುದು ಕೆಲವೇ ಡಿಗ್ರಿ ಚಲನೆ, ಅದೂ ಬಳಸದಿದ್ದರೆ ಉಳಿಯುವುದಿಲ್ಲ. ಆದ್ದರಿಂದ ಕೈ ತೆಗೆದ ಕೂಡಲೇ ಒಂಟಿಕಾಲಿನಲ್ಲಿ ನಿಲ್ಲುವುದು, ಪಾದವನ್ನು ಹೊರಕ್ಕೆ ತಿರುಗಿಸುವ ಸ್ನಾಯುಗಳನ್ನು ರಬ್ಬರ್ ಪಟ್ಟಿಯಿಂದ ಬಲಪಡಿಸುವುದು, ನಿಧಾನವಾಗಿ ಮೆಟ್ಟಿಲು ಇಳಿಯುವುದು ಇವೆಲ್ಲ ನಡೆಯಬೇಕು. ಕಾಲು ಹೊರಳುವುದನ್ನು ತಡೆಯುವ ಕೆಲಸ ಹೆಚ್ಚಾಗಿ ಈ ವ್ಯಾಯಾಮಗಳದ್ದೇ. ಪ್ರತಿ ಬಾರಿಯೂ ಒತ್ತಿ ಕಳುಹಿಸಿ ವ್ಯಾಯಾಮದ ಮಾತೇ ಎತ್ತದಿದ್ದರೆ ಬೇರೆಯವರನ್ನು ನೋಡಿ. ಕೀಲಿನ ಆಳದಲ್ಲಿ ನೋವಿದ್ದು ಆಗಾಗ ಸಿಕ್ಕಿಹಾಕಿಕೊಂಡಂತಾದರೆ, ಅಥವಾ ಹೊಸದಾಗಿ ಉಳುಕಿ ನಾಲ್ಕು ಹೆಜ್ಜೆಯೂ ಇಡಲಾಗದಿದ್ದರೆ, ಯಾರಿಂದಲೂ ಒತ್ತಿಸಿಕೊಳ್ಳದೆ ಮೊದಲು ಮೂಳೆ ತಜ್ಞರಿಗೆ ತೋರಿಸಿ.