ಗೆಳೆಯರ ಆಟಕ್ಕೂ ನಿಯಮ, ಕ್ಲಾಕ್ ಬೇಕಾ?

ಕ್ಲಬ್‌ನಲ್ಲಿ ಗೆಳೆಯರ ಜೊತೆ ಸುಮ್ನೆ ಆಡುವ ಚೆಸ್‌ಗೂ ‘ಮುಟ್ಟಿದ ಕಾಯಿ ನಡೆಸಲೇಬೇಕು’ ಅನ್ನುವ ನಿಯಮ ಬೇಕಾ, ಇಬ್ಬರ ಸಮಯವನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕುವ ಕ್ಲಾಕ್ ಇಡಬೇಕಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಎರಡೂ ಬೇಕು. ಗೆಳೆತನ ಉಳಿಯುವುದಕ್ಕೇ ಬೇಕು. ‘ತಾಳಪ್ಪಾ, ಈ ನಡೆ ವಾಪಸ್ ತಗೋತೀನಿ’ ಅನ್ನುವುದು ಒಂದು ಸಲಕ್ಕೆ ನಿಲ್ಲುವುದಿಲ್ಲ. ಆಮೇಲೆ ಮಾತಿಗೆ ಮಾತು ಬೆಳೆಯುತ್ತದೆ.

ನಿಯಮ ಕಷ್ಟದ್ದೇನಲ್ಲ. ಬೇಕೆಂದೇ ಮುಟ್ಟಿದ ಕಾಯಿಗೆ ನಡೆ ಇದ್ದರೆ ಅದನ್ನೇ ನಡೆಸಬೇಕು. ಎದುರಿನವರ ಕಾಯಿ ಮುಟ್ಟಿದರೆ, ಹೊಡೆಯಲು ಆಗುವಂತಿದ್ದರೆ ಹೊಡೆಯಬೇಕು. ಕೈ ತಾಗಿ ಉರುಳಿದ್ದು ಲೆಕ್ಕಕ್ಕಿಲ್ಲ. ಓರೆಯಾಗಿರುವ ಕಾಯಿಯನ್ನು ನೆಟ್ಟಗೆ ಇಡಬೇಕಾದರೆ ಮುಟ್ಟುವ ಮೊದಲೇ ‘ಸರಿ ಮಾಡ್ತೀನಿ’ ಅಂತ ಹೇಳಿ. ಜಾಸ್ತಿ ಜಗಳ ಆಗುವುದು ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವ ಕ್ಯಾಸ್ಲಿಂಗ್‌ನಲ್ಲಿ. ಮೊದಲು ರಾಜನನ್ನು ಎರಡು ಮನೆ ಸರಿಸಿ, ಆಮೇಲೆ ಆನೆ. ಆನೆಯನ್ನೇ ಮೊದಲು ಮುಟ್ಟಿದರೆ ಆ ನಡೆಯಲ್ಲಿ ಆ ಕಡೆ ಕ್ಯಾಸ್ಲಿಂಗ್ ಇಲ್ಲ, ಆನೆಯನ್ನೇ ನಡೆಸಬೇಕು.

ಕ್ಲಾಕ್‌ಗೆ ತಲಾ 15 ನಿಮಿಷ, ಪ್ರತಿ ನಡೆಗೆ 10 ಸೆಕೆಂಡ್ ಸೇರುವಂತೆ ಇಡಿ. ಕಡಿಮೆ ಸಮಯದ ಆಟಗಳ ವಿಶ್ವ ರ‍್ಯಾಪಿಡ್ ಚಾಂಪಿಯನ್‌ಶಿಪ್‌ನಲ್ಲೂ ಇದೇ ಲೆಕ್ಕ. ಸಾಮಾನ್ಯವಾಗಿ ಗಂಟೆಯೊಳಗೆ ಆಟ ಮುಗಿಯುತ್ತದೆ. ನಿಮ್ಮಲ್ಲಿ ಒಬ್ಬರು ಉಳಿದವರಿಗಿಂತ ತುಂಬಾ ಗಟ್ಟಿ ಆಟಗಾರರು ಅಂದಿದ್ದೀರಲ್ವಾ? ಅವರಿಗೆ 5 ನಿಮಿಷ, ನಿಮಗೆ 10 ನಿಮಿಷ ಇಟ್ಟು ಆಡಿ ನೋಡಿ. ಅವರ ಮಂತ್ರಿಯನ್ನು ತೆಗೆದಿಟ್ಟು ಆಡುವುದಕ್ಕಿಂತ ಇದು ಎಷ್ಟೋ ಚೆನ್ನಾಗಿರುತ್ತದೆ. ಕಾಯಿಗಳೆಲ್ಲ ಬೋರ್ಡ್ ಮೇಲೆಯೇ ಇರುತ್ತವೆ, ಓಪನಿಂಗ್ (ಆಟದ ಶುರುವಿನ ನಡೆಗಳು) ಕೆಡುವುದಿಲ್ಲ.

ಈಗಷ್ಟೇ ಕಲಿಯುತ್ತಿರುವವರಿಗೆ ಮಾತ್ರ ಸ್ವಲ್ಪ ಸಡಿಲ ಬಿಡಿ. ಅದನ್ನೂ ಮೊದಲ ಕಾಯಿ ನಡೆಸುವ ಮುಂಚೆಯೇ ಇಬ್ಬರೂ ಮಾತಾಡಿಕೊಳ್ಳಿ.