ಉದ್ಯೋಗ ಸಮಾಲೋಚನೆ: ಸೇವೆಯ ಕೆಲಸಕ್ಕೆ ಅರ್ಜಿ ಹಾಕುವವರು, ಆಯ್ಕೆ ಮಾಡುವವರು

ಪ್ರಶ್ನೆ: ಎಂಟು ವರ್ಷಗಳಿಂದ ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಮಕ್ಕಳ ಶಿಕ್ಷಣಕ್ಕಾಗಿ ದುಡಿಯುವ ಸ್ವಯಂಸೇವಾ ಸಂಸ್ಥೆಗೆ ಸೇರುವ ಆಸೆಯಿಂದ ಒಂದು ವರ್ಷದಲ್ಲಿ ಇಪ್ಪತ್ತಕ್ಕೂ ಹೆಚ್ಚು ಅರ್ಜಿ ಹಾಕಿದರೂ ಸಂದರ್ಶನಕ್ಕೆ ಕರೆ ಬಂದದ್ದು ಒಂದೇ ಕಡೆಯಿಂದ. ಅಲ್ಲಿ ಸಂಬಳದ ಮಾತೆತ್ತಿದ ಕೂಡಲೇ ಎದುರಿಗಿದ್ದವರ ಮುಖಭಾವ ಬದಲಾಯಿತು. ಸಂಬಳ ಕೇಳಿದ್ದು ತಪ್ಪೇ? ಅರ್ಜಿಯ ಪ್ರತಿಯನ್ನು ಇದರೊಂದಿಗೆ ಕಳುಹಿಸಿದ್ದೇನೆ. ಅದರಲ್ಲಿ ಏನು ಕೊರತೆಯಿದೆ ಎಂದು ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಅರ್ಜಿಯನ್ನು ಎರಡು ಸಲ ಓದಿದೆ. ಅದರ ಮೊದಲ ಪುಟವೆಲ್ಲ ಸಮಾಜಕ್ಕೆ ಏನನ್ನಾದರೂ ಮಾಡಬೇಕೆಂಬ ನಿಮ್ಮ ತುಡಿತಕ್ಕೇ ಮೀಸಲಾಗಿದೆ; ಎಂಟು ವರ್ಷಗಳ ಲೆಕ್ಕಪತ್ರದ ಅನುಭವ ಮಾತ್ರ ಎರಡನೆಯ ಪುಟದ ಕೊನೆಯಲ್ಲಿ ಎರಡು ಸಾಲಿಗೆ ಮುಗಿದಿದೆ. ಆ ತುಡಿತ ನಿಜವೆಂದು ನಾನು ನಂಬುತ್ತೇನೆ, ಆದರೆ ಅಂಥ ಸಂಸ್ಥೆಗೆ ಬರುವ ಪ್ರತಿಯೊಂದು ಅರ್ಜಿಯಲ್ಲೂ ಅದೇ ಇರುವುದರಿಂದ ಅದನ್ನು ನೋಡಿ ಯಾರನ್ನೂ ಆರಿಸಲು ಬರುವುದಿಲ್ಲ. ದಾನಿಗಳ ಹಣದಿಂದ ನಡೆಯುವ ಸಂಸ್ಥೆಯಲ್ಲಿ ಒಂದೊಂದು ಅನುದಾನಕ್ಕೂ ಅದರದೇ ಉದ್ದೇಶ, ಅವಧಿ ಮತ್ತು ವರದಿಯ ನಿಯಮಗಳಿರುತ್ತವೆ. ಒಬ್ಬರೇ ನೌಕರರ ಸಂಬಳವನ್ನು ಮೂರು ಯೋಜನೆಗಳಿಗೆ ಹಂಚಿ ಬರೆಯಬೇಕಾಗುತ್ತದೆ, ಶಾಲಾ ಪುಸ್ತಕಕ್ಕೆಂದು ಬಂದ ಹಣವನ್ನು ಕಟ್ಟಡದ ಬಾಡಿಗೆಗೆ ಮುಟ್ಟುವಂತಿಲ್ಲ, ಮತ್ತು ಲೆಕ್ಕಪರಿಶೋಧನೆಯ ಹೊತ್ತಿಗೆ ಇವೆಲ್ಲವೂ ತಾಳೆಯಾಗಬೇಕು. ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಬಲ್ಲವರು ಸುಲಭವಾಗಿ ಸಿಗುವುದಿಲ್ಲ. ನೀವು ವಿಭಾಗವಾರು ವೆಚ್ಚವನ್ನು ಬೇರ್ಪಡಿಸಿದ್ದು, ಪರಿಶೋಧಕರ ಆಕ್ಷೇಪಗಳಿಗೆ ಉತ್ತರಿಸಿದ್ದು ಮೊದಲ ಪುಟಕ್ಕೆ ಬರಲಿ. ತುಡಿತಕ್ಕೆ ಒಂದು ವಾಕ್ಯ ಸಾಕು.

ಸಂಬಳ ಕೇಳಿದ್ದು ತಪ್ಪಲ್ಲ. ಸ್ಟುವರ್ಟ್ ಬಂಡರ್ಸನ್ ಮತ್ತು ಜೆಫ್ರಿ ಥಾಮ್ಸನ್ ಎಂಬ ಇಬ್ಬರು ವಿದ್ವಾಂಸರು ಮೃಗಾಲಯಗಳಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುವವರ ಕುರಿತು 2009ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಇಂಥ ಸಂದರ್ಭದಲ್ಲಿ ಆಗಾಗ ನೆನಪಿಸಿಕೊಳ್ಳುತ್ತೇನೆ. ತಮ್ಮ ಕೆಲಸವನ್ನು ಅಂತರಂಗದ ಕರೆಯೆಂದು ಭಾವಿಸಿದವರು ಅದರಲ್ಲಿ ಆಳವಾದ ಸಾರ್ಥಕತೆಯನ್ನು ಕಂಡಿದ್ದರು. ಅದೇ ಕಾರಣಕ್ಕೆ ಸಂಬಳವನ್ನೂ ಸುಖವನ್ನೂ ಬಿಟ್ಟುಕೊಡಲು ಸಿದ್ಧರಿದ್ದರು, ಹಾಗೂ ಆಡಳಿತದ ಶೋಷಣೆಗೆ ಸುಲಭವಾಗಿ ಸಿಲುಕಬಲ್ಲವರಾಗಿದ್ದರು. ನಿಮ್ಮನ್ನು ಕಂಡು ಮುಖ ಬದಲಿಸಿದವರು ಬಹುಶಃ ಅಂಥವರನ್ನೇ ಹುಡುಕುತ್ತಿದ್ದರು. ಮುಂದಿನ ಸಲ ಸಂಬಳದ ಜೊತೆಗೆ ಇನ್ನೂ ಎರಡು ವಿಷಯ ಕೇಳಿ: ಈ ಹುದ್ದೆಯ ಹಣ ಯಾವ ಅನುದಾನದಿಂದ ಬರುತ್ತದೆ ಮತ್ತು ಅದು ಎಂದಿಗೆ ಮುಗಿಯುತ್ತದೆ; ಕಳೆದ ಮೂರು ವರ್ಷಗಳಲ್ಲಿ ಈ ಕುರ್ಚಿಯಲ್ಲಿ ಎಷ್ಟು ಜನ ಕುಳಿತು ಎದ್ದಿದ್ದಾರೆ. ಎರಡನೆಯದಕ್ಕೆ ಬರುವ ಉತ್ತರ, ಅಥವಾ ಉತ್ತರಕ್ಕೆ ಮುಂಚಿನ ಮೌನ, ಬಹಳಷ್ಟನ್ನು ತಿಳಿಸುತ್ತದೆ.

ಪ್ರಶ್ನೆ: ನಾನು ಸಣ್ಣ ಸಂಸ್ಥೆಯೊಂದನ್ನು ನಡೆಸುತ್ತಿದ್ದೇನೆ. ಒಂದು ಹುದ್ದೆಗೆ ನೂರಾರು ಅರ್ಜಿಗಳು ಬಂದಿವೆ. ನಿಜವಾದ ಸೇವಾಭಾವ ಉಳ್ಳವರನ್ನು ಸಂದರ್ಶನದಲ್ಲಿ ಗುರುತಿಸುವುದು ಹೇಗೆ?

ಉತ್ತರ: ಅರ್ಧ ಗಂಟೆಯ ಮಾತುಕತೆಯಲ್ಲಿ ಗುರುತಿಸಲಾಗುವುದಿಲ್ಲ, ಅಲ್ಲಿ ಗೆಲ್ಲುವವರು ಚೆನ್ನಾಗಿ ಮಾತನಾಡುವವರು. ಮನೋವಿಜ್ಞಾನಿಗಳಾದ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ ನೌಕರರ ಆಯ್ಕೆಯ ಕುರಿತ 85 ವರ್ಷಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ 1998ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಅಭ್ಯರ್ಥಿಯಿಂದ ಹುದ್ದೆಯ ಕೆಲಸದ ಒಂದು ತುಣುಕನ್ನೇ ಮಾಡಿಸಿ ನೋಡುವ ಪರೀಕ್ಷೆಗೂ ಮುಂದಿನ ಕಾರ್ಯಕ್ಷಮತೆಗೂ ಇರುವ ಸಹಸಂಬಂಧ (ಸೊನ್ನೆಯೆಂದರೆ ನಂಟೇ ಇಲ್ಲ, ಒಂದೆಂದರೆ ಪೂರ್ಣ ನಂಟು) 0.54 ಎಂದಿತ್ತು, ಅನುಭವದ ವರ್ಷಗಳಿಗೆ ಸಿಕ್ಕಿದ್ದು 0.18 ಮಾತ್ರ. 2022ರ ಮರುವಿಶ್ಲೇಷಣೆ ಇಂಥ ಅಂಕಿಗಳಲ್ಲಿ ಹಲವನ್ನು ತಗ್ಗಿಸಿ, ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಕೇಳಿ ಒಂದೇ ಅಳತೆಯಲ್ಲಿ ಅಂಕ ಕೊಡುವ ಸಂದರ್ಶನವನ್ನು ಮೊದಲ ಸ್ಥಾನದಲ್ಲಿಟ್ಟಿತು. ಕೆಲಸದ ಪರೀಕ್ಷೆ, ಇಂಥ ಸಂದರ್ಶನ ಎರಡನ್ನೂ ಒಟ್ಟಿಗೆ ಬಳಸಿರಿ.

ಜಾಹೀರಾತಿನಲ್ಲಿಯೇ ಸಂಬಳವನ್ನು ನಮೂದಿಸಿದರೆ ಅದು ಸಾಕಾಗದವರು ತಾವೇ ಹಿಂದೆ ಸರಿಯುವುದರಿಂದ ಅರ್ಜಿಗಳ ರಾಶಿಯೂ ಕರಗುತ್ತದೆ. ಪರೀಕ್ಷೆಯ ಕೆಲಸ ಎರಡು ಗಂಟೆಯನ್ನು ಮೀರುವುದಾದರೆ ಅದಕ್ಕೆ ಗೌರವಧನ ಕೊಡಿ. ಅಭ್ಯರ್ಥಿಗಳಿಂದ ಯೋಜನಾ ವರದಿ ಬರೆಸಿಕೊಂಡು, ಅವರನ್ನು ಕೈಬಿಟ್ಟು, ವರದಿಯನ್ನು ಮಾತ್ರ ದಾನಿಗಳಿಗೆ ಸಲ್ಲಿಸಿದ ಸಂಸ್ಥೆಯೊಂದನ್ನು ನಾನು ಬಲ್ಲೆ. ಅದರ ಮುಂದಿನ ಜಾಹೀರಾತಿಗೆ ಬಂದ ಅರ್ಜಿಗಳು ನಾಲ್ಕು.